ಇನ್ನೂರ ಹನ್ನೆರಡನೆಯವಳು

ನಮ್ಮ ಚಿಕ್ಕಮ್ಮನಿಗೆ ವಿಶ್ವವಿದ್ಯಾಲಯದಲ್ಲಿ ಇದ್ದ ಹೆಸರು ‘ರೆಕಾರ್ಡ್ ಅಕ್ಕ’. ವಿದ್ಯಾರ್ಥಿ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ, ಒಂದು ಕೈ ಮುರಿದ ಅದೇ ಕುರ್ಚಿಯಲ್ಲಿ ಕೂತು, ಊರಿನ ಅರ್ಧ ಜನರ ಪಾಸು-ಫೇಲುಗಳನ್ನು ಕಾಪಾಡಿದವಳು. ಮದುವೆಗೆ ಹೋದರೂ ಬಿಡುತ್ತಿರಲಿಲ್ಲ. ಕೈ ತೊಳೆಯುವ ಜಾಗದಲ್ಲೇ ಯಾರೋ ಹಿಡಿದು ನಿಲ್ಲಿಸಿ, “ಅಕ್ಕಾ, ನನ್ನ ಅಂಕಪಟ್ಟೀಲಿ ಅಪ್ಪನ ಹೆಸರು ತಪ್ಪಾಗಿದೆ” ಎಂದು ಶುರು ಮಾಡುತ್ತಿದ್ದರು. ನಾನಾಗಿದ್ದರೆ ನಾಲ್ಕು ಮಾತು ಬಿಗಿಯುತ್ತಿದ್ದೆ. ಆಕೆ ಒದ್ದೆ ಕೈಯಲ್ಲೇ ನೋಂದಣಿ ಸಂಖ್ಯೆ ಕೇಳುತ್ತಿದ್ದಳು.

ಇಪ್ಪತ್ತಾರು ವರ್ಷದ ಹಿಂದೆ ಆಕೆ ಹಗಲು ಅಲ್ಲಿ ಗುಮಾಸ್ತೆ, ಸಂಜೆ ಅಲ್ಲಿಯದೇ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿನಿ. ಆ ವರ್ಷ ಪರೀಕ್ಷೆ ಮುಗಿದ ಮೇಲೆ ನೀರಿನ ಕೊಳಾಯಿ ಒಡೆದು ಸಂಖ್ಯಾಶಾಸ್ತ್ರದ ಇನ್ನೂರ ಹನ್ನೆರಡು ಉತ್ತರಪತ್ರಿಕೆಗಳು ಮುದ್ದೆಯಾದವು. ಅವುಗಳಲ್ಲಿ ಆಕೆಯದೂ ಒಂದು. ಓದಿದವರ ತಪ್ಪೇನೂ ಇಲ್ಲ, ಎಲ್ಲರನ್ನೂ ಪಾಸು ಮಾಡಿ ಎಂದು ಮೇಲಿನವರು ಆದೇಶ ಕೊಟ್ಟರು. ಆದರೆ ಆಗಿನ ಕಂಪ್ಯೂಟರ್ ಅಂಕದ ಜಾಗ ಖಾಲಿ ಬಿಡಲು ಒಪ್ಪುತ್ತಿರಲಿಲ್ಲ. ಸೊನ್ನೆ ಹಾಕಿದರೆ ಗೈರುಹಾಜರಿ ಎನ್ನುತ್ತಿತ್ತು.

“ಒಂದು ಅಂತ ಹಾಕಮ್ಮ,” ಎಂದರು ವಿಭಾಗದ ಹಳೆಯ ಅಧಿಕಾರಿ. “ಒಂದು ಅಂದ್ರೆ ಹಸಿರು ಪುಸ್ತಕ ನೋಡಿ ಅಂತ ಅರ್ಥ. ನಮಗೆ ಗೊತ್ತಿದ್ರೆ ಸಾಕು.”

ಹಸಿರು ರಟ್ಟಿನ ಒಂದು ಪುಸ್ತಕದಲ್ಲಿ ಆ ಆದೇಶವನ್ನು ಅಂಟಿಸಿದರು. ಚಿಕ್ಕಮ್ಮ ಇನ್ನೂರ ಹನ್ನೆರಡು ಸಲ ‘ಒಂದು’ ಒತ್ತಿದಳು, ತನ್ನ ಹೆಸರಿನ ಮುಂದೆಯೂ. ಅಂಕಪಟ್ಟಿಗಳ ಮೇಲೆ ‘ಉತ್ತೀರ್ಣ’ ಎಂದು ಟೈಪ್ ಮಾಡಿದವಳೂ ಆಕೆಯೇ. ಆ ಪದವಿಯ ಬಲದಿಂದಲೇ ಮುಂದೆ ಮೇಲ್ವಿಚಾರಕಿಯಾದಳು. ಮೇಜಿನ ಮೇಲೆ ಹೆಸರಿನ ಫಲಕ ಬಂದ ದಿನ ಅದನ್ನು ಸೆರಗಿನಿಂದ ಎರಡು ಸಲ ಒರೆಸಿದ್ದಳಂತೆ.

ಹೋದ ವರ್ಷ ಹೊಸ ವ್ಯವಸ್ಥೆ ಬಂತು. ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ಸುರಿಯುವುದು, ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ ರದ್ದಿಗೆ ಹಾಕುವುದು. ಹೊಸದನ್ನು ತಂದ ಕಂಪನಿಯ ಎಂಜಿನಿಯರಿಗೆ ಚಿಕ್ಕಮ್ಮ ಈ ಒಂದರ ಕಥೆಯನ್ನು ಎರಡು ಸಲ ಹೇಳಿದಳು. ಅವನು ಎರಡು ಸಲವೂ ಲ್ಯಾಪ್‌ಟಾಪಿನಲ್ಲಿ ‘ಗಮನಿಸಲಾಗಿದೆ’ ಎಂದು ಬರೆದುಕೊಂಡ. ಆ ಪದದ ಮೇಲೆ ನನಗೆ ಈಗಲೂ ಕೆಂಡದಂಥ ಕೋಪ. ಗಮನಿಸಿದ್ದು ಯಾರು, ಏನನ್ನು?

ಸ್ಕ್ಯಾನ್ ಆದದ್ದು ಸಂಖ್ಯೆ ಇದ್ದ ಪುಸ್ತಕಗಳು ಮಾತ್ರ. ಹಸಿರು ಪುಸ್ತಕಕ್ಕೆ ಯಾರೂ ಸಂಖ್ಯೆ ಕೊಟ್ಟಿರಲಿಲ್ಲ. ರದ್ದಿಯ ಪಟ್ಟಿ ನಲವತ್ತಾರು ಪುಟ. ಕೊನೆಯ ಪುಟದಲ್ಲಿ ‘ಸಂಖ್ಯೆ ಇಲ್ಲದ ಇತರೆ ಪುಸ್ತಕಗಳು, ಹನ್ನೊಂದು’ ಎಂಬ ಒಂದು ಸಾಲು. ಹಸಿರು ಪುಸ್ತಕವನ್ನು ಎಂಜಿನಿಯರು ಬೇರೆ ತೆಗೆದಿಟ್ಟಿದ್ದಾನೆಂದು ನಂಬಿ, ಚಿಕ್ಕಮ್ಮ ಅದರ ಕೆಳಗೆ ಸಹಿ ಹಾಕಿದಳು. ಜೀವನದಲ್ಲಿ ನೋಡದೆ ಹಾಕಿದ ಒಂದೇ ಸಹಿ.

ನಾಲ್ಕು ತಿಂಗಳ ನಂತರ ಒಬ್ಬ ಮೇಷ್ಟರು ಕಿಟಕಿಯ ಮುಂದೆ ಬಂದು ನಿಂತರು. ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವರು. ಅವರ ಶಾಲೆ ಪದವಿಯ ಪರಿಶೀಲನೆಗೆ ಕಳಿಸಿದ್ದಕ್ಕೆ ಹೊಸ ವ್ಯವಸ್ಥೆ, ‘ಸಂಖ್ಯಾಶಾಸ್ತ್ರ: ಒಂದು. ಅನುತ್ತೀರ್ಣ’ ಎಂದು ಉತ್ತರ ಕೊಟ್ಟಿತ್ತು. “ಮಕ್ಕಳ ಮುಂದೆ ಹೇಗೆ ನಿಲ್ಲಲಮ್ಮ?” ಎಂದು ಕೇಳಿದರಂತೆ. ಆ ವಾರ ಇನ್ನೂ ಒಂಬತ್ತು ಜನ ಬಂದರು.

ವಿಚಾರಣೆಯ ದಿನ ಚಿಕ್ಕಮ್ಮನನ್ನು ನಾನೇ ಸ್ಕೂಟರಿನಲ್ಲಿ ಕರೆದೊಯ್ದೆ. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕುಲಸಚಿವರು ಕೇಳುತ್ತಿದ್ದರು.

“ಆದೇಶ ಎಲ್ಲಿದೆ?”

“ಹಸಿರು ಪುಸ್ತಕದಲ್ಲಿತ್ತು ಸಾರ್. ರದ್ದಿಗೆ ಹೋಯ್ತು.”

“ನಿಮ್ಮ ಸಹೀಲೇ ಹೋಗಿದೆ. ಆಗಿನ ಅಧಿಕಾರಿ?”

“ತೀರಿಕೊಂಡ್ರು.”

“ಅಂಕಪಟ್ಟಿ ಟೈಪ್ ಮಾಡಿದ್ದು ನೀವೇ. ಈ ಪಟ್ಟೀಲಿ ನಿಮ್ಮ ಹೆಸರೂ ಇದೆ. ನಿಮ್ಮ ಕೇಸಿಗೆ ನೀವೇ ಸಾಕ್ಷಿ ಹೇಳಿದ್ರೆ ನಾವು ಹೇಗಮ್ಮ ನಂಬೋದು?”

ಆಮೇಲೆ ಚಿಕ್ಕಮ್ಮನ ದನಿ.

“ನನ್ನ ಹೆಸರು ತೆಗೆದ್ರೆ ನಂಬ್ತೀರಾ ಸಾರ್?”

“ಅಂದ್ರೆ?”

“ನನ್ನ ಅಂಕ ಒಂದೇ ಇರಲಿ. ನಾನು ಫೇಲು ಅಂತ ಬರ್ಕೊಡ್ತೀನಿ. ಆಗ ನನಗೆ ಲಾಭ ಏನೂ ಇಲ್ವಲ್ಲ. ಉಳಿದ ಇನ್ನೂರ ಹನ್ನೊಂದು ಜನರಿಗೆ ಸಾಕ್ಷಿ ಆಗ್ತೀನಿ.”

ನಾನು ಎದ್ದು ಒಳಗೆ ನುಗ್ಗಬೇಕಿತ್ತು. ಯಾರಾದರೂ ಬೇಡ ಅನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಒಬ್ಬರು ಪೆನ್ನು ಮುಂದಕ್ಕೆ ತಳ್ಳಿದ ಸದ್ದು ಕೇಳಿಸಿತು.

ಹಿಂದಿರುಗುವಾಗ ದಾರಿಯುದ್ದಕ್ಕೂ ಬೈದೆ. “ನಿನಗೆ ತಲೆ ಕೆಟ್ಟಿದೆಯಾ ಚಿಕ್ಕಮ್ಮ? ಅವರ ತಪ್ಪನ್ನ ನೀನ್ಯಾಕೆ ಹೊತ್ಕೊಂಡೆ?”

“ಸಹಿ ನಂದಲ್ವೇನೇ?” ಎಂದಳು.

ಇನ್ನೂರ ಹನ್ನೊಂದು ಜನ ಒಂದೇ ಮಧ್ಯಾಹ್ನ ಮತ್ತೆ ಪಾಸಾದರು. ಮೇಷ್ಟರು ಬಂದು ಕೈ ಮುಗಿದು ಹೋದರು. ಚಿಕ್ಕಮ್ಮ ಕೊಟ್ಟ ಬೆಲೆ ಅವರಿಗೆ ತಿಳಿಯಲಿಲ್ಲ, ಆಕೆ ತಿಳಿಸಲೂ ಇಲ್ಲ. ಪದವಿ ಇಲ್ಲದವಳು ಮೇಲ್ವಿಚಾರಕಿಯಾಗಿರುವಂತಿಲ್ಲ ಎಂದು, ನಿವೃತ್ತಿಗೆ ಎರಡು ತಿಂಗಳಿರುವಾಗ ಆಕೆಯನ್ನು ಮತ್ತೆ ಗುಮಾಸ್ತೆ ಮಾಡಿದರು. ಆಕೆ ಊಟಕ್ಕೆ ಹೋದಾಗ ಜವಾನ ಮೇಜಿನ ಫಲಕ ತೆಗೆದಿಟ್ಟ. ಅಷ್ಟು ಮರ್ಯಾದೆ ಅವನೊಬ್ಬನಿಗಿತ್ತು.

ಬೀಳ್ಕೊಡುಗೆಯ ದಿನ ಹಾರ ಹಾಕಿದರು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಕುಲಸಚಿವರಿಗೆ ಮೀಟಿಂಗ್ ಇತ್ತಂತೆ, ಬರಲಿಲ್ಲ. ಮನೆಗೆ ಬಂದು ಚಿಕ್ಕಮ್ಮ ಹಾರವನ್ನು ಕುರ್ಚಿಗೆ ನೇತುಹಾಕುವಷ್ಟರಲ್ಲಿ ಆಕೆಯ ಮೊಬೈಲು ಸದ್ದು ಮಾಡಿತು. ಕನ್ನಡಕ ಹುಡುಕುತ್ತಾ, “ಏನಂತೆ ನೋಡೇ,” ಎಂದಳು.

ಹೊಸ ವ್ಯವಸ್ಥೆಯಿಂದ ಬಂದ ಸಂದೇಶ. ‘ಪ್ರಿಯ ವಿದ್ಯಾರ್ಥಿ, ತಮಗೆ ಒಂದು ವಿಷಯ ಬಾಕಿ ಇದೆ. ಮುಂದಿನ ಪರೀಕ್ಷೆಗೆ ಇಂದೇ ನೋಂದಾಯಿಸಿಕೊಳ್ಳಿ.’

ನಾನು ಫೋನನ್ನು ಬೆನ್ನ ಹಿಂದೆ ಹಿಡಿದೆ. ಆಕೆಯೇ ಫೋನು ಕಿತ್ತುಕೊಂಡು, ಕನ್ನಡಕ ಏರಿಸಿ, ನಿಧಾನವಾಗಿ ಓದಿದಳು. ಮೂವತ್ತೊಂದು ವರ್ಷದ ಅಭ್ಯಾಸ, ಎರಡನೆಯ ಸಲವೂ ಓದಿದಳು.

“ನೋಂದಣಿ ಸಂಖ್ಯೆ ಸರಿಯಾಗೇ ಇದೆ,” ಎಂದಳು.