ಹವಳದ ಗೋಡೆಯ ಬಾಗಿಲು

ನಾನು ಶಾಲೆ ಬಿಟ್ಟದ್ದು 1984ರಲ್ಲಿ, ಏಳನೆಯ ತರಗತಿ ಮುಗಿಯುವ ಮೊದಲೇ. ಅಪ್ಪನ ಜೊತೆ ಸುಣ್ಣ ಬಳಿಯಲು ಹೋದವನು ತಿರುಗಿ ಪಾಟಿ ಹಿಡಿಯಲಿಲ್ಲ. ಅದಕ್ಕೆ ನನಗೆ ನಾಚಿಕೆಯಿಲ್ಲ. ಕಲಬುರಗಿ ಪಕ್ಕದ ನಂದೂರಿನ ಎಷ್ಟೋ ದಾಲ್ ಮಿಲ್ಲುಗಳ ಗೋಡೆಯ ಬಣ್ಣ ನನ್ನದು. ನನ್ನ ಕೈಯ ಗೆರೆ ಸೊಟ್ಟಗಿದೆ ಅಂತ ಕಲಬುರಗಿಯಲ್ಲಿ ಇದುವರೆಗೆ ಯಾರೂ ಅಂದಿಲ್ಲ. ಒಬ್ಬರು ಮಾತ್ರ ಬೇಸರಪಟ್ಟಿದ್ದರು. ಗೆರೆ ಸೊಟ್ಟಗಿದೆ ಅಂತಲ್ಲ, ಅದನ್ನು ಎಳೆಯಲೇಬಾರದಿತ್ತು ಅಂತ.

ಹೋದ ವಾರ ಕಮಲಾಪುರದ ಸಂತೆಗೆ ಹೋಗಿದ್ದೆ. ಬೆಳಿಗ್ಗೆ ಮಳೆ ಹನಿದು ನಿಂತಿತ್ತು. ಕೆಂಪು ಬಾಳೆಯ ಗೊನೆ ಒಟ್ಟಿದ್ದ ಕಡೆ ಹಣ್ಣು ನೋಡುತ್ತಾ ನಿಂತಾಗ, ಹಣ್ಣಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂತು. ಒದ್ದೆ ಬಟ್ಟೆ, ಹಳೆಯ ಅಂಟು, ಪುಡಿಬಣ್ಣ... ಗೊನೆಗಳ ಮೇಲೆ ಹೊದಿಸಿದ್ದ ಬಟ್ಟೆಯ ಅಂಚನ್ನು ಮೂಗಿನ ತನಕ ಎತ್ತಿದೆ.

"ಏನ್ರೀ, ಹಣ್ಣು ಬಿಟ್ಟು ಅರಿವಿ ಮೂಸಾಕತ್ತೀರಿ?" ಅಂದ ವ್ಯಾಪಾರಿ.

ಅದು ಕಾಕಾನ ಪರದೆಯಾಗಿತ್ತು.

ಕಾಕಾ ಅಂದರೆ ನನ್ನ ಸಂಬಂಧಿಕರಲ್ಲ. ಕಮಲಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಕರೆದೆ. ಸ್ಟುಡಿಯೋದ ಹಿಂದಿನ ಗೋಡೆ ತುಂಬುವಷ್ಟು ಅಗಲದ ಮಾದರಪಾಟದ ಒರಟು ಹತ್ತಿಬಟ್ಟೆ. ಅದರ ಮೇಲೆ ಕಾಕಾ ತಮ್ಮ ಕೈಯಾರೆ ಬರೆದ ಸಮುದ್ರ. ಆಗ ಬೇರೆ ಸ್ಟುಡಿಯೋಗಳಲ್ಲಿಯೂ ಸಮುದ್ರಗಳಿದ್ದವು. ಮುಳುಗುವ ಸೂರ್ಯ, ಜೋಡಿ ಹಂಸ, ಎಲ್ಲಿಯದೋ ಏನೋ. ಕಾಕಾನದು ಹಾಗಲ್ಲ. ಪೆಸಿಫಿಕ್ ಸಾಗರದ ನಟ್ಟನಡುವಿನ ಒಂದು ದ್ವೀಪ, ಆ ದ್ವೀಪದ ಒಂದೇ ಒಂದು ಕೊಲ್ಲಿ. ಅದರ ಹೆಸರು ಹೇಳುತ್ತಿದ್ದರು. ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ಈಗ ಮರೆತೂ ಹೋಗಿದೆ...

ಕಾಕಾ ಸಮುದ್ರ ಕಂಡವರಲ್ಲ. ಸೊಲ್ಲಾಪುರದ ಆಚೆ ಹೋದವರಲ್ಲ. ಕಲಬುರಗಿಯ ರದ್ದಿ ಅಂಗಡಿಯಲ್ಲಿ ಅವರಿಗೆ ಒಂದು ಇಂಗ್ಲಿಷ್ ಮಾಸಿಕದ ಹತ್ತು ಹನ್ನೆರಡು ಹಾಳೆ ಸಿಕ್ಕಿದ್ದವು. ಶರಣಬಸವೇಶ್ವರ ಗುಡಿಯ ಹತ್ತಿರ ಮನೆ ಮಾಡಿದ್ದ ಒಬ್ಬ ಕಾಲೇಜು ಮಾಸ್ತರರ ಎದುರು ಕೂತು, ಭಾನುವಾರಕ್ಕೆ ಒಂದು ಹಾಳೆಯಂತೆ ಅರ್ಥ ಕೇಳಿ ವಹಿಯಲ್ಲಿ ಬರೆದುಕೊಂಡಿದ್ದರಂತೆ. ಆ ವಹಿ ನೋಡಿ ಪರದೆ ಬರೆದದ್ದು. ಅಲ್ಲಿ ಇಲ್ಲದ್ದು ಇಲ್ಲಿ ಇರಬಾರದು ಎನ್ನುವುದು ಅವರ ಹಟ.

ಗಿರಾಕಿಗಳು ಸುಮ್ಮನಿರುತ್ತಿರಲಿಲ್ಲ. ಮಗಳ ಫೋಟೋ ತೆಗೆಸಲು ಬಂದ ಒಬ್ಬ ಗೌಡರು ಪರದೆ ನೋಡಿ, "ಗುಡ್ಡದ ಮ್ಯಾಲ ಒಂದು ಗುಡಿ ಇದ್ರ ಚಂದ ಕಾಣ್ತಿತ್ತು ನೋಡ್ರಿ" ಅಂದಿದ್ದರು.

"ಅಲ್ಲಿ ಗುಡಿ ಇಲ್ರೀ ಗೌಡ್ರ."

"ಇಲ್ಲಂದ್ರ ಕಟ್ರಿ. ಬ್ರಶ್ ನಿಮ್ಮ ಕೈಯಾಗೇ ಅದ, ಇಟ್ಟಂಗಿ ಖರ್ಚಿಲ್ಲ!"

ಕಾಕಾ ಕಟ್ಟಲಿಲ್ಲ. ಬಾಳೆ ಬೆಳೆಯುವವರಂತೂ ಪರದೆಯ ಎಡಮೂಲೆಗೆ ಬೆರಳು ಮಾಡಿ ನಗುತ್ತಿದ್ದರು. ಅಲ್ಲಿ ನಮ್ಮ ಕಮಲಾಪುರದ ಹಾಗೇ ಕೆಂಪು ಬಾಳೆ. ಗೊನೆ ಮಾತ್ರ ಕೆಳಗೆ ಜೋತು ಬಿದ್ದಿಲ್ಲ, ಮೇಲೆ ಮುಖ ಮಾಡಿ ನೆಟ್ಟಗೆ ನಿಂತಿದೆ. "ಕಾಕಾ, ನಿಮ್ಮ ಗೊನಿ ಆಕಾಶ ನೋಡಾಕತ್ಯಾವಲ್ರೀ! ಕುಡದು ಬರದೀರೇನು?" ಎಂದರೆ, "ಅಲ್ಲಿ ಹಂಗೇ ಬಿಡ್ತಾವ. ನೀ ಗದ್ದ ಮ್ಯಾಲ ಮಾಡು, ಅಲುಗಬ್ಯಾಡ" ಎಂದು ಕ್ಯಾಮೆರಾದ ಹಿಂದೆ ಹೋಗಿಬಿಡುತ್ತಿದ್ದರು.

ಕಮಲಾಪುರದಲ್ಲಿ ಕೆಲಸವಿದ್ದಾಗ ನಾನು ಮಧ್ಯಾಹ್ನದ ರೊಟ್ಟಿಯನ್ನು ಅವರ ಸ್ಟುಡಿಯೋದಲ್ಲೇ ತಿನ್ನುತ್ತಿದ್ದೆ. ಆಗ ಅವರು ಹೇಳಿದ್ದು ಅಷ್ಟಿಷ್ಟು ತಲೆಯಲ್ಲಿ ಉಳಿದಿದೆ. ಆ ದ್ವೀಪ ಸಮುದ್ರದೊಳಗಿಂದ ಬೆಂಕಿ ಉಗುಳಿ ಎದ್ದ ಬೆಟ್ಟವಂತೆ. ಅದಕ್ಕೇ ದಂಡೆಯ ಉಸುಕು ಕಪ್ಪು. "ನಮ್ಮ ಹೊಲದ ಕರಿಕಲ್ಲೂ ಬೆಂಕಿಯಿಂದನೇ ಬಂದದ್ದು ತಮ್ಮಾ. ಅವರು ನಾವು ಒಂದೇ ಒಲಿಯವರು" ಅನ್ನುತ್ತಿದ್ದರು. ಅಲ್ಲಿಯ ಜನ ಹಲಸಿನ ಜಾತಿಯ ಒಂದು ಕಾಯಿಯನ್ನು ಕೆಂಡದಲ್ಲಿ ಸುಟ್ಟು ರೊಟ್ಟಿಯ ಹಾಗೆ ತಿನ್ನುತ್ತಿದ್ದರಂತೆ. ಮೀನು ಕಡಿಮೆಯಾದರೆ ಊರ ಹಿರಿಯ ದಂಡೆಯಲ್ಲಿ ಒಂದು ಕೋಲು ನೆಟ್ಟು ಎಲೆ ಕಟ್ಟುತ್ತಿದ್ದ; ಕೋಲು ಕೀಳುವ ತನಕ ಯಾರೂ ಆ ನೀರಿಗೆ ಬಲೆ ಇಳಿಸುವಂತಿರಲಿಲ್ಲ. ಆಮೇಲೆ ಪರದೇಶದ ಹಡಗುಗಳು ಕುಡಿಯುವ ನೀರು ಹುಡುಕಿಕೊಂಡು ಬಂದವು. ಕಬ್ಬಿಣವೇ ಗೊತ್ತಿಲ್ಲದ ಜನ ಹಂದಿ, ಹಣ್ಣು ಕೊಟ್ಟು ಹಡಗಿನ ಮೊಳೆ ಪಡೆದರು. ಬೆಳೆದೀತು ಅಂತ ಕೆಲವರು ಮೊಳೆಯನ್ನು ನೆಲದಲ್ಲಿ ಬಿತ್ತಿದರಂತೆ.

ನಾನು ನಕ್ಕೆ. ಕಾಕಾ ನಗಲಿಲ್ಲ. "ಹುಚ್ಚರಲ್ಲೋ ಅವರು. ಯಾವುದು ಬೀಜ, ಯಾವುದು ಮೊಳಿ ಅಂತ ಹೇಳವರಿರಲಿಲ್ಲ, ಅಷ್ಟೇ." ಹಡಗಿನವರ ಜೊತೆ ಬಂದ ರೋಗಗಳಿಂದ ಆ ಕೊಲ್ಲಿಯ ಸುತ್ತಲಿನ ಹಳ್ಳಿಗಳು ಖಾಲಿಯಾದವಂತೆ. ಅಲ್ಲಿಗೆ ಬಂದರೆ ಕಾಕಾ ತಟ್ಟೆ ತೊಳೆಯಲು ಏಳುತ್ತಿದ್ದರು.

ನನ್ನ ಮದುವೆಯ ಫೋಟೋ ಆ ಪರದೆಯ ಮುಂದೆಯೇ ತೆಗೆದದ್ದು. ಅದಾಗಿ ಆರು ವರ್ಷಕ್ಕೆ ಕಾಕಾನ ಕೈ ನಡುಗಲು ಸುರುವಾಯಿತು, ಪರದೆಯೂ ಅಲ್ಲಲ್ಲಿ ಮಾಸಿತು. ನನ್ನನ್ನು ಕರೆಸಿದರು. "ಬಣ್ಣ ಕಲಿಸಿಟ್ಟೀನಿ. ಎಲ್ಲಿ ಹೋಗ್ಯದ ಅಲ್ಲಷ್ಟೇ ಹಚ್ಚು. ಹೊಸಾದೇನೂ ಬ್ಯಾಡ" ಅಂದು, ಫಿಲ್ಮ್ ರೋಲು ತೊಳೆಸಿಕೊಂಡು ಬರಲು ಕಲಬುರಗಿಯ ಬಸ್ಸು ಹತ್ತಿದರು.

ಮಧ್ಯಾಹ್ನದೊಳಗೆ ಕೆಲಸ ಮುಗಿಸಿದೆ. ದೂರ ನಿಂತು ನೋಡಿದೆ. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹವಳದ ಗೋಡೆ, ಅದಕ್ಕೆ ಬಡಿದು ಒಡೆಯುವ ತೆರೆಯ ಬಿಳಿ ಗೆರೆ. ಆ ಗೆರೆ ಒಂದು ಕಡೆ ಗೇಣುದ್ದ ಕಡಿದುಹೋಗಿತ್ತು. ಕಡಿದ ಗೆರೆ ನನ್ನ ಕಣ್ಣಿಗೆ ಚುಚ್ಚಿತು. ಮಾಸಿ ಹೋದದ್ದು ಅಂದುಕೊಂಡೆ. ಕಾಕಾನ ಪುಡಿಬಣ್ಣ ಮತ್ತೆ ಮಾಸೀತು ಅಂತ ನನ್ನ ಡಬ್ಬಿಯ ಬಿಳಿ ಆಯಿಲ್ ಪೇಂಟ್ ತೆಗೆದು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಕೂಡಿಸಿದೆ. ಕೂಡಿಸಿದ ಜಾಗ ಗೊತ್ತೇ ಆಗುತ್ತಿರಲಿಲ್ಲ.

ಸಂಜೆ ಬಂದ ಕಾಕಾ ಚಪ್ಪಲಿ ಕಳಚಿ, ಸೀದಾ ಪರದೆಯ ಹತ್ತಿರ ಹೋದರು.

"ಇದನ್ಯಾಕ ಮುಚ್ಚಿದಿ?"

"ಗೆರಿ ಹರದಿತ್ತಲ್ರೀ ಕಾಕಾ. ಕೂಡಿಸೀನಿ."

"ಹರದಿರಲಿಲ್ಲೋ ತಮ್ಮಾ, ಬಿಟ್ಟಿತ್ತು." ಗುಡ್ಡದಿಂದ ಇಳಿದ ನೀಲಿ ಎಳೆಯೊಂದನ್ನು ತೋರಿಸಿದರು. "ಇದು ಹೊಳಿ. ಸಿಹಿ ನೀರಾಗ ಹವಳ ಬದುಕೂದಿಲ್ಲ. ಹೊಳಿ ಬಂದು ಕೂಡುವಲ್ಲಿ ಗ್ವಾಡಿ ಬೆಳಿಯೂದಿಲ್ಲ, ತಾನೇ ದಾರಿ ಬಿಡ್ತದ. ಅದರಾಗಿಂದನೇ ಅವರು ಮೀನಿಗೆ ಹೋಗೋರು. ಅದರಾಗಿಂದನೇ ಹಡಗ ಬಂದದ್ದು, ಬ್ಯಾನಿ ಬಂದದ್ದು."

"ಹಂಗಾದ್ರ ಬ್ಯಾನಿ ಬರೋ ಬಾಗಲಾ ಮುಚ್ಚೀನಲ್ರೀ. ಚಲೋನೇ ಆತು!" ಅಂದು ನಕ್ಕೆ.

"ಹೊಳಿ ಎಲ್ಲಿಗೆ ಹೋಗಬೇಕೋ?"

ನನಗೆ ರೇಗಿತು. ಬೆಳಗಿನಿಂದ ಬೆವರು ಸುರಿಸಿದ ಕೆಲಸಕ್ಕೆ ಒಂದು ಒಳ್ಳೆಯ ಮಾತಿಲ್ಲ. "ಫೋಟೋದಾಗ ಅದನ್ನ ಯಾರ ನೋಡ್ತಾರ್ರೀ? ಮಂದಿ ಮಾರಿ ನೋಡ್ತಾರ" ಅಂದೆ.

ಆಗ ಅವರು ಅಂದದ್ದು: "ಸಾಲಿ ಬಿಟ್ಟಿ ಅಂತ ಕೇಳೂದೂ ಬಿಟ್ಟಿಯೇನು?"

ಬ್ರಶ್ಶು ತೊಳೆಯದೆ ಹೊರಟು ಬಂದೆ.

ಆಮೇಲೆ ತಾವೇ ದಾರಿ ಬಿಡಿಸಲು ನೋಡಿದ್ದರಂತೆ. ಆಯಿಲ್ ಪೇಂಟಿನ ಮೇಲೆ ನೀರಲ್ಲಿ ಕಲಿಸಿದ ಪುಡಿಬಣ್ಣ ನಿಲ್ಲುವುದಿಲ್ಲ. ನೀಲಿ ಹಚ್ಚಿದಷ್ಟೂ ಹನಿಯಾಗಿ ಜಾರಿ, ಕೆಳಗಿನಿಂದ ನನ್ನ ಬಿಳಿ ಮತ್ತೆ ಕಾಣುತ್ತಿತ್ತು.

ಕೆಲವು ತಿಂಗಳು ಕಳೆದು ಒಂದು ಮಧ್ಯಾಹ್ನ ಅವರು ನಂದೂರಿಗೆ ಬಂದರು. ಎರಡು ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು, ನಾನು ಬಣ್ಣ ಹಚ್ಚುತ್ತಿದ್ದ ಮಿಲ್ಲಿನ ತನಕ. ನಾನು ಏಣಿಯ ತುದಿಯಲ್ಲಿದ್ದೆ. ಮೇಲಿನಿಂದಲೇ ಕಂಡಿತು, ಕಾಲಿಗೆ ನೀರು ಇಳಿದು ಪಾದ ಊದಿದ್ದವು; ರಬ್ಬರ್ ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹುಗಿದಿತ್ತು.

"ತಮ್ಮಾ, ಆ ದಾರಿಯೊಂದು ಬಿಡಿಸಿ ಕೊಡು. ನನ್ನ ಕೈಲಿಂದ ಆಗವಲ್ತು."

ಇಳಿಯಬೇಕಿತ್ತು. ಅವರು ಆಡಿದ ಮಾತನ್ನು ಅವರೇ ಹಿಂದೆ ತೆಗೆದುಕೊಳ್ಳಲಿ ಅಂತ ಕಾದೆ. "ಕೆಲಸ ಭಾಳ ಅದ ಕಾಕಾ. ದೀಪಾವಳಿ ಮುಗೀಲಿ, ಬರ್ತೀನಿ" ಅಂದೆ.

ಅವರು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಗೋಡೆಯನ್ನು ಅಂಗೈಯಿಂದ ಸವರಿ, "ಇದು ಮಳಿಗೆ ಹೋಗೂದಿಲ್ಲೇನು?" ಅಂತ ಕೇಳಿದರು.

"ನನ್ನ ಬಣ್ಣ ರೀ ಇದು. ಹತ್ತು ವರ್ಷ ಅಲುಗೂದಿಲ್ಲ."

"ಹೌದಾ..." ಅಂದರು. ಬೇಲಿಯ ನೆರಳು ಹಿಡಿದು ನಿಧಾನಕ್ಕೆ ನಡೆದು ಹೋದರು.

ದೀಪಾವಳಿ ಮುಗಿಯಿತು. ಒಂದು ಕೆಲಸ ಆದ ಮೇಲೆ ಇನ್ನೊಂದು ಬಂತು. ಆ ಚಳಿಗಾಲದಲ್ಲೇ ಕಮಲಾಪುರದಿಂದ ಸುದ್ದಿ ಬಂತು. ಹೊಟ್ಟೆಯಲ್ಲಿಯೂ ನೀರು ತುಂಬಿತ್ತಂತೆ.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮನೆಯಲ್ಲಿ ಜಾಗ ಸಾಲದೆ ಸ್ಟುಡಿಯೋದಲ್ಲಿ, ಗಿರಾಕಿಗಳು ಕೂಡುತ್ತಿದ್ದ ಅದೇ ಬೆಂಚಿನ ಮೇಲೆ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವು. ಕಲಬುರಗಿಯಿಂದ ಫೋಟೋದವನು ಬಂದಿದ್ದ. ಅವನ ಬೆನ್ನ ಹಿಂದೆ ನಾನು ನಿಂತಿದ್ದೆ. ಕಾಕಾನ ತಲೆಯ ಹಿಂದೆ, ಈ ಕಿವಿಯಿಂದ ಆ ಕಿವಿಯ ತನಕ, ಬಿಳಿ ಗೆರೆ. ಎಲ್ಲಿಯೂ ಬಿಡದೆ... ಫೋಟೋದವನು ಬೆಳಕು ಹಾಯಿಸಿದಾಗ ಹೊಳೆದದ್ದು ನಾನು ಹಚ್ಚಿದ ಗೇಣುದ್ದ ಮಾತ್ರ.

ಇಪ್ಪತ್ತು ವರ್ಷದ ಮೇಲಾಯಿತು. ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಪರದೆ ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಬಾಳೆಯವನಿಗೂ ಗೊತ್ತಿಲ್ಲ. ಅವನಿಗೆ ಹೊಸ ತಾಡಪತ್ರಿ ಕೊಡಿಸಿ ಅದನ್ನು ಮನೆಗೆ ತಂದೆ. ಮಾಳಿಗೆಯ ಮೇಲೆ ಹರವಿದೆ. ಗುಡ್ಡ ಇರಲಿಲ್ಲ. ನೀರು, ಕಪ್ಪು ಉಸುಕು, ಆಕಾಶ ನೋಡುವ ಬಾಳೆಗೊನೆ, ಯಾವುದೂ ಇರಲಿಲ್ಲ. ಮಳೆ ಬಿಸಿಲಿಗೆ ಕಾಕಾನ ಪುಡಿಬಣ್ಣವೆಲ್ಲ ತೊಳೆದು ಹೋಗಿ, ಮಣ್ಣುಬಣ್ಣದ ಬಟ್ಟೆಯ ಮೇಲೆ ನನ್ನ ಗೆರೆಯೊಂದೇ ಉಳಿದಿತ್ತು.

ಹೆಂಡತಿ ಮೇಲೆ ಬಂದಳು. ಕಾಕಾನ ಪರದೆ ಎಂದು ಹೇಳಿದಾಗ ಕೆಳಗಿಳಿದು, ಗೋಡೆಯ ಮೇಲಿನ ನಮ್ಮ ಲಗ್ನದ ಫೋಟೋ ತಂದಳು. ಅದರ ಗಾಜು ಸೆರಗಿನಿಂದ ಒರೆಸಿ, ಬಟ್ಟೆಯ ಪಕ್ಕ ಹಿಡಿದು ನೋಡಿದಳು.

"ಇಲ್ಲಿ ನಮ್ಮಿಬ್ಬರ ನಡುವ ದಾರಿ ಬಿಟ್ಟದಲ್ರೀ. ಈ ಅರಿವಿ ಮ್ಯಾಲ ಮುಚ್ಯದ. ಯಾರ ಮುಚ್ಚಿದ್ರು?"

ದಿನಾ ಆ ಫೋಟೋದ ಕೆಳಗೇ ಉಂಡಿದ್ದೇನೆ. ನಾನು ನೋಡಿರಲಿಲ್ಲ. ಅವಳು ಒಂದೇ ನೋಟಕ್ಕೆ ನೋಡಿದಳು.

"ನಾನೇ" ಅಂದೆ.

ಮರುದಿನ ಥಿನ್ನರ್ ತಂದು ಗೆರೆಯ ಅಂಚಿಗೆ ಚಿಂದಿಯಿಂದ ಒತ್ತಿದೆ. ಬಣ್ಣದ ಜೊತೆಗೇ ಬಟ್ಟೆಯ ಎಳೆಗಳೂ ಎದ್ದು ಬಂದವು. ನಿಲ್ಲಿಸಿದೆ.

ಈಗ ನನ್ನ ಹತ್ತಿರ ಕಬ್ಬಿಣದ ಏಣಿ ಐದು. ಜೊತೆಗೆ ದುಡಿಯುವ ಮಂದಿ ಏಳು. ಸ್ವಂತ ಮನೆ ಒಂದು. ಗೋಡೆಯ ಮೇಲೆ ಲಗ್ನದ ಫೋಟೋ ಒಂದು. ಟ್ರಂಕಿನಲ್ಲಿ ಬಣ್ಣ ಹೋದ ಪರದೆ ಒಂದು, ಅದರ ಮೇಲೆ ಬಿಳಿ ಗೆರೆ ಒಂದು, ಗೇಣುದ್ದದ್ದು.