ಮೂರನೇ ಸಾಲಿನ ಸಿಪಾಯಿ

“ಅಲ್ನೋಡಿ, ಮೂರನೇ ಸಾಲಲ್ಲಿರೋನು! ಯುದ್ಧಕ್ಕೆ ಹೊರಟೋನು ಯಾರಾದ್ರೂ ಹಾಗೆ ಹಲ್ಲು ಕಿರೀತಾನಾ?” ಎನ್ನುತ್ತಾ ನಾನು ಎದ್ದು ನಿಂತು ಟಿ.ವಿ. ಪರದೆಯತ್ತ ಕೈ ಚಾಚಿದೆ.

ಭಾನುವಾರ ಸಂಜೆಯ ಹಳೆಯ ಯುದ್ಧಚಿತ್ರಕ್ಕೆ ಗಂಗಾನಗರದ ನಮ್ಮ ಮನೆ ಮಾಲೀಕರ ಹಜಾರದಲ್ಲಿ ಇಡೀ ಬೀದಿಯೇ ನೆರೆದಿತ್ತು. ಬಿ.ಎ. ಮುಗಿಸಿದ್ದ ನನ್ನ ಅಭಿಪ್ರಾಯಕ್ಕೆ ಅಲ್ಲಿ ತಕ್ಕಮಟ್ಟಿನ ಬೆಲೆಯಿತ್ತು, ಎಲ್ಲರೂ ನಕ್ಕರು.

ನನ್ನ ಹಿಂದೆ ನೆಲದ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ಮಾತ್ರ ನಗಲಿಲ್ಲ. ಮಾಲೀಕರ ಸೋದರತ್ತೆಯಾದ ಅವರು ಈ ಚಿತ್ರಕ್ಕಾಗಿಯೇ ರಾಜಾನುಕುಂಟೆಯಿಂದ ಬಂದಿದ್ದರು. “ಜರುಗಪ್ಪಾ, ಜರುಗು” ಎಂದು ಅವರು ನನ್ನ ಷರಟು ಹಿಡಿದೆಳೆಯುವಷ್ಟರಲ್ಲಿ ದೃಶ್ಯ ಬದಲಾಗಿತ್ತು.

ಮಾಲೀಕರು ತಗ್ಗಿದ ದನಿಯಲ್ಲಿ ಹೇಳಿದರು: “ಅವನು ನಮ್ಮತ್ತೆ ಮಗ ಕಣ್ರೀ. ಶೂಟಿಂಗ್‌ಗೆ ಅವನ ರೆಜಿಮೆಂಟ್‌ನವರನ್ನೇ ನಿಲ್ಲಿಸಿದ್ರಂತೆ. ಮೂರನೇ ಸಾಲಲ್ಲಿದೀನಿ ಅಂತ ಕಾಗದ ಬರೆದಿದ್ದ. ಆಮೇಲೆ ನಿಜವಾದ ಯುದ್ಧದಲ್ಲೇ ಹೋಗ್ಬಿಟ್ಟ. ಮನೇಲಿ ಅವನದೊಂದು ಫೋಟೋನೂ ಇಲ್ಲ.”

ಕ್ಷಮೆ ಕೇಳಲು ನಾನು ಆಕೆಯ ಮುಂದೆ ಕುಳಿತೆ. ಅಷ್ಟರಲ್ಲಿ ಆಕೆಯೇ ನನ್ನ ಕೈ ಹಿಡಿದುಕೊಂಡು ಕೇಳಿದರು: “ನೀನು ನೋಡ್ದಲ್ಲಪ್ಪಾ, ಎಂಗಿದ್ದ? ಸೊರಗಿದ್ನಾ?”

“ಇಲ್ಲಮ್ಮ, ಚೆನ್ನಾಗಿದ್ರು” ಎಂದೆ. ಆಕೆ ಸಮಾಧಾನದಿಂದ ತಲೆಯಾಡಿಸಿದರು.

ಆ ಚಿತ್ರವನ್ನು ಮತ್ತೆ ಹಾಕಬಹುದೆಂದು ಎಷ್ಟೋ ಭಾನುವಾರ ಕಾದೆ. ಆಕೆ ತೀರಿಕೊಳ್ಳುವವರೆಗೂ ಹಾಕಲಿಲ್ಲ. ನಾನು ಹೇಳಿದ್ದು ಸುಳ್ಳು. ಚಿತ್ರದಲ್ಲಿ ತಪ್ಪು ಹುಡುಕುವ ಆತುರದಲ್ಲಿ ಆತನ ಹಲ್ಲುಗಳನ್ನಷ್ಟೇ ನೋಡಿದ್ದೆ, ಮುಖವನ್ನು ನೋಡಿರಲಿಲ್ಲ.