ಬೆಲ್ಟಿಗೆ ಸಿಕ್ಕಿದ ಬೂದುಗುಂಬಳದ ನಾಣ್ಯ

ಅಕ್ಷರ ಕೊಟ್ಟ ಗುರುಗಳಿಗೆ, ಅನ್ನ ಬೆಳೆಸಿದ ಸುವರ್ಣಾವತಿಯ ನೀರಿಗೆ, ಎಪ್ಪತ್ತು ದಾಟಿದ ಮೇಲೂ ಕಿಕ್ಕರ್ ಒದೆಯುವಷ್ಟು ಬಲವನ್ನು ಈ ಬಲಗಾಲಿನಲ್ಲಿ ಉಳಿಸಿರುವ ಪರಮಾತ್ಮನಿಗೆ ಮೊದಲ ನಮಸ್ಕಾರ. ನಾನು ಕಾಣದ ದೇಶವೊಂದರಲ್ಲಿ, ಎಂದೂ ಭೇಟಿಯಾಗದ ಕೈಗಳಿಂದ ಒಂದು ಯಂತ್ರವನ್ನು ಶ್ರದ್ಧೆಯಿಂದ ಕಟ್ಟಿದ ಕೆಲಸಗಾರರಿಗೂ ನಮಸ್ಕಾರ. ಅವರಿಗೆ ಕೃತಜ್ಞತೆ ಸಲ್ಲಿಸದೆ ಮುಂದಿನದನ್ನು ಬರೆದರೆ ನನ್ನ ಕೋಪ ಅವರ ಮೇಲೂ ಬಿದ್ದೀತು. ಕೋಪ ಅವರ ಮೇಲಲ್ಲ.

ನಾನು ಯಳಂದೂರಿನ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸ್ಕೃತ ಕಲಿಸಿದವನು. ಬೆಳಗಿನ ಸಂಧ್ಯಾವಂದನೆ ಮುಗಿಸಿ, ಕಚ್ಚೆಪಂಚೆ ಬಿಗಿದು, ಎರಡು ಸ್ಟ್ರೋಕಿನ ಹಳೆಯ ಮೋಟಾರು ಸೈಕಲ್ಲು ಹತ್ತುವ ನನ್ನನ್ನು ನೋಡಿ ನಗುವುದನ್ನು ಊರಿನವರು ಬಿಟ್ಟು ಬಹಳ ಕಾಲವಾಯಿತು. ಭಾನುವಾರ ಮುಂಜಾನೆ ಕೊಳ್ಳೇಗಾಲದ ಒಂದು ಗ್ಯಾರೇಜಿನ ಮುಂದೆ ನಾವು ನಾಲ್ವರು ಸೇರುತ್ತೇವೆ. ಗ್ಯಾರೇಜಿನ ಒಡೆಯ ಮೆಕ್ಯಾನಿಕ್ ಒಬ್ಬ, ಬಿಳಿಗಿರಿರಂಗನ ಬೆಟ್ಟದ ತನ್ನ ಪೋಡಿನಿಂದ, ಎಂದರೆ ಸೋಲಿಗರ ಹಾಡಿಯಿಂದ, ಇಳಿದು ಬರುವ ಅರಣ್ಯ ವಾಚರ್ ಇನ್ನೊಬ್ಬ, ಹನೂರಿನಲ್ಲಿ ನೆಲೆಸಿದ, ಸರ್ಕಾರಿ ಬಸ್ಸಿನ ನಿವೃತ್ತ ಚಾಲಕರು ಮೂರನೆಯವರು, ನಾಲ್ಕನೆಯವನು ನಾನು. ಹನೂರಿನಲ್ಲಿ ಇಡ್ಲಿ, ರಾಮಾಪುರದವರೆಗೆ ಸವಾರಿ, ಮಧ್ಯಾಹ್ನದ ಊಟಕ್ಕೆ ಅವರವರ ಮನೆ. ಇಷ್ಟೇ ನಮ್ಮ ವ್ರತ.

ನಾನು ಮೊದಲಿಗೆ ಹೇಳಿದ ಯಂತ್ರ, ಅಮೆರಿಕದ ಒಂದು ಸ್ಪೋರ್ಟ್ಸ್ ಬೈಕು, ಚಾಲಕರದು. ಬೆಟ್ಟದ ಕಾಫಿ ತೋಟದ ಸಾಹುಕಾರರೊಬ್ಬರು ತರಿಸಿ, ಓಡಿಸಲಾರದೆ ಶೆಡ್ಡಿನಲ್ಲಿ ಧೂಳು ಹಿಡಿಸಿದ್ದನ್ನು ಅವರು ನಿವೃತ್ತಿಯ ವರ್ಷ ಕೊಂಡು ತಂದರು. ಮೂವತ್ತು ವರ್ಷ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬಸ್ಸು ನಡೆಸಿದವರು. ಬೆನ್ನ ಹಿಂದೆ ಅರವತ್ತು ಜೀವಗಳು ಕುಳಿತಿರುವಾಗ ತಿರುವೆಂದರೆ ಬರೀ ಜವಾಬ್ದಾರಿ. ಅದೇ ತಿರುವಿನಲ್ಲಿ ಒಂಟಿಯಾಗಿ, ಮೈಯನ್ನು ನೆಲದ ಕಡೆಗೆ ಬಾಗಿಸಿ ಹಾಯುವ ಸುಖ ಅವರಿಗೆ ಅರವತ್ತರ ಮೇಲೆ ಒಲಿಯಿತು. ಈಚೆಗೆ ಅವರ ಬಲಗೈ ಬೆರಳುಗಳಲ್ಲಿ ಸಣ್ಣ ನಡುಕ ಕಾಣಿಸಿಕೊಂಡಿದೆ. ಇನ್ನು ಹೆಚ್ಚು ವರ್ಷ ಓಡಿಸಲಾರೆನೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಉಳಿದ ಒಂದೆರಡು ವರ್ಷವನ್ನು ಅವರು ಆ ಬೈಕಿಗೆಂದೇ ಎತ್ತಿಟ್ಟಿದ್ದರು.

ಆ ವರ್ಷಗಳಿಗೆ ಕಲ್ಲು ಹಾಕಿದವನು ನಾನು. ಅದನ್ನು ಮರೆಮಾಚಿ ಈ ಬರಹ ಬರೆಯಲಾರೆ.

ಆಯುಧಪೂಜೆಯ ಬೆಳಿಗ್ಗೆ ನಾಲ್ಕು ಗಾಡಿಗಳನ್ನೂ ತೊಳೆದು ಗ್ಯಾರೇಜಿನ ಮುಂದೆ ಸಾಲಾಗಿ ನಿಲ್ಲಿಸಿದ್ದೆವು. ಗಂಧ, ಕುಂಕುಮ, ಸೇವಂತಿಗೆ ಹಾರ ಎಲ್ಲವೂ ಆಯಿತು. ಬೂದುಗುಂಬಳದ ತಿರುಳನ್ನು ಕೊರೆದು, ಕುಂಕುಮವನ್ನೂ ಬಿಡಿ ನಾಣ್ಯಗಳನ್ನೂ ನನ್ನ ಕೈಯಿಂದಲೇ ತುಂಬಿದ್ದೆ.

"ಮೇಷ್ಟ್ರೇ, ನನ್ ಗಾಡಿಗೆ ನಿಂಬೆಹಣ್ಣು ಸಾಕು ಕಣ್ರಿ. ಕುಂಬಳಕಾಯಿ ಬ್ಯಾಡ. ಇದ್ಕೆ ಚೈನಿಲ್ಲ, ಬೆಲ್ಟು. ಏನಾರ ಸಿಕ್ಕಂಡ್ರೆ ಕೆಟ್ವಿ," ಎಂದರು ಚಾಲಕರು.

"ಮೂವತ್ತು ವರ್ಷ ನಿಮ್ಮ ಬಸ್ಸಿಗೆ ಒಡೆದಿಲ್ಲವೆ? ಬಸ್ಸಿಗೇನಾಯಿತು?" ಎಂದೆ ನಾನು.

"ಬಸ್ಸು ಬಸ್ಸು. ಇದು ಇದು."

"ಮೇಷ್ಟ್ರು ಯೋಳುದ್ಮೇಲೆ ಮುಗೀತು ಬುಡಿ," ಎಂದು ವಾಚರ್ ನಕ್ಕ. "ದೃಷ್ಟಿ ತಗೀರಿ ಸಾ. ಆ ಗಾಡಿ ಮ್ಯಾಲೆ ನಂದೇ ಮೊದಲ್ನೇ ಕಣ್ಣು."

ನಾನು ಕುಂಬಳಕಾಯಿ ಒಡೆದೆ. ಕೆಂಪು ಹೋಳುಗಳೂ ನಾಣ್ಯಗಳೂ ಚಕ್ರದಡಿಗೆ ಚೆಲ್ಲಿದವು. ಸಂಪ್ರದಾಯದಂತೆ ಚಾಲಕರು ಇಂಜಿನ್ ಚಾಲೂ ಮಾಡಿ ನಿಂಬೆಹಣ್ಣುಗಳ ಮೇಲೆ ಗಾಡಿ ಹಾಯಿಸಿದರು. ಟಕ್ಕೆಂದು ಒಂದು ಸದ್ದು. ಅದರ ಬೆನ್ನಿಗೇ ದಪ್ಪ ಬಟ್ಟೆ ಹರಿದಂಥ ಸದ್ದು. ಮೆಕ್ಯಾನಿಕ್ ನೆಲದ ಮೇಲೆ ಮಲಗಿ ಕೈಹಾಕಿದ. ಹಲ್ಲುಗಳು ಕಿತ್ತು, ಅಂಚು ಸೀಳಿದ್ದ ಬೆಲ್ಟಿನ ಮಡಿಲಿನಿಂದ ಅಂಚು ಜಜ್ಜಿದ ಒಂದು ನಾಣ್ಯವನ್ನು ಹೊರಗೆ ತೆಗೆದ. ಅದಕ್ಕಿನ್ನೂ ನನ್ನ ಕುಂಕುಮ ಅಂಟಿತ್ತು.

ಯಾರೂ ನನ್ನತ್ತ ನೋಡಲಿಲ್ಲ. ಅವರ ಆ ಮರ್ಯಾದೆಯೇ ನನಗೆ ಬಿದ್ದ ಪೆಟ್ಟು.

"ಇರ್ಲಿ ಬುಡಿ, ಒಂದ್ ಬೆಲ್ಟು ತರುಸುದ್ರಾಯ್ತು," ಎಂದ ಮೆಕ್ಯಾನಿಕ್. ಬೆಂಗಳೂರಿನ ಬಿಡಿಭಾಗದ ವ್ಯಾಪಾರಿಗೆ ಅಂದೇ ಹೇಳಿದ. ಎರಡು ವಾರ ಕಾದೆವು. ಬೆಲ್ಟು ಬರಲಿಲ್ಲ. ಬಂದದ್ದು ಸುದ್ದಿ: ಆ ಹೆಸರಿನ ಬೈಕುಗಳನ್ನೂ ಬಿಡಿಭಾಗಗಳನ್ನೂ ತಯಾರಿಸುವುದನ್ನೇ ಅದರ ಮಾತೃಸಂಸ್ಥೆ ನಿಲ್ಲಿಸಿಬಿಟ್ಟಿದೆ. ಇದ್ದಬದ್ದ ಬೆಲ್ಟುಗಳನ್ನು ಸುದ್ದಿ ಕೇಳಿದ ಗಳಿಗೆಯಲ್ಲೇ ಹಣಬಲವುಳ್ಳವರು ಬಾಚಿಕೊಂಡಿದ್ದಾರೆ.

ಆ ಭಾನುವಾರ ನಾವು ಸವಾರಿ ಹೋಗಲಿಲ್ಲ. ಸಂಸ್ಥೆಯ ಇಂಗ್ಲಿಷ್ ಪ್ರಕಟಣೆಯನ್ನು ಮೆಕ್ಯಾನಿಕ್ ತನ್ನ ಫೋನಿನಲ್ಲಿ ತೆಗೆದು, ಅರ್ಥ ಹೇಳಿರೆಂದು ನನ್ನ ಕೈಗಿತ್ತ. ಒಂದೇ ಪುಟ. ಎಷ್ಟೋ ಕಾವ್ಯಗಳ ಅನ್ವಯ ಬಿಡಿಸಿದ್ದೇನೆ. ಅಷ್ಟೊಂದು ನುಣುಪಾಗಿ ಹೃದಯವನ್ನು ಬಚ್ಚಿಟ್ಟ ಗದ್ಯವನ್ನು ಓದಿರಲಿಲ್ಲ. ಬೈಕು ಕೆಟ್ಟದ್ದೆಂದು ಅವರು ಹೇಳಿರಲಿಲ್ಲ. ಕಟ್ಟಿದವರು ಸೋತರೆಂದೂ ಹೇಳಿರಲಿಲ್ಲ. ತಮ್ಮ ಮುಖ್ಯ ವ್ಯವಹಾರಕ್ಕೆ ಇದು ಹೊಂದುವುದಿಲ್ಲವಂತೆ, ಆದ್ದರಿಂದ ನಿಲ್ಲಿಸಿದ್ದಾರಂತೆ.

ನನಗೆ ಮೈ ಉರಿಯಿತು. ನಮ್ಮಲ್ಲಿ ಒಂದು ಮೂರ್ತಿಯನ್ನು ಪ್ರತಿಷ್ಠೆ ಮಾಡುವವನು ಮೊದಲು ನಿತ್ಯದ ಎಣ್ಣೆಬತ್ತಿಗೆ, ನೈವೇದ್ಯಕ್ಕೆ ವ್ಯವಸ್ಥೆ ಮಾಡುತ್ತಾನೆ. ಆಮೇಲೆ ಕಲ್ಲಿಗೆ ಕಣ್ಣು ಬರೆಯುತ್ತಾನೆ. ಜಗತ್ತಿನ ಮೂಲೆಮೂಲೆಯ ಮನೆಗಳಿಗೆ ಯಂತ್ರಗಳನ್ನು ಕಳುಹಿಸಿ, ಅವುಗಳಿಗೆ ಮನುಷ್ಯರು ಮನಸ್ಸು ಕೊಟ್ಟ ಮೇಲೆ, ಇನ್ನು ಇವಕ್ಕೆ ಎಣ್ಣೆಬತ್ತಿಯಿಲ್ಲವೆಂದು ಬಾಗಿಲು ಎಳೆದುಕೊಳ್ಳುವುದು ಯಾವ ಧರ್ಮ?

ವಾಚರ್ ನೆಲಕ್ಕೆ ಉಗುಳಿದ. "ನಮ್ ಪೋಡಲ್ಲಿ ಜೇನು ಕುಯ್ದ್ರೂ ಒಸಿ ಬುಟ್ಟು ಬತ್ತೀವಿ ಸಾ, ಮುಂದ್ಕೆ ಇರ್ಲಿ ಅಂತ. ಇವ್ರು ಗೂಡ್ನೇ ಸುಟ್ಟವ್ರೆ."

"ಸುಟ್ಟ ಮ್ಯಾಲೆ ತಿಥೀನೂ ಮಾಡ್ಬುಡವಾ," ಎಂದ ಮೆಕ್ಯಾನಿಕ್. ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಗಾಡಿಗೆ ಹಾರ ಆಕಿ, ವಡೆ ಪಾಯ್ಸ ಮಾಡ್ಸಿ, ಇಡಿಯೋ ತಗ್ದು ಅಮೆರಿಕಕ್ಕೆ ಕಳುಸ್ವ. ನೋಡ್ಲಿ ನನ್ಮಕ್ಳು. ಮಂತ್ರ ಮೇಷ್ಟ್ರುದು."

"ನಾನು ಮಾಡುವುದಿಲ್ಲ," ಎಂದೆ. "ಎದುರಿಗೆ ನಿಂತಿರುವುದಕ್ಕೆ ತಿಥಿ ಮಾಡುವುದು ಪಾಪ. ಈ ಗಾಡಿ ಸತ್ತಿಲ್ಲ."

ಚಾಲಕರು ತಲೆಯೆತ್ತಿದರು. "ಓಡ್ದೆ ಇರೋದುಕ್ಕೆ ಜೀವ ಎಲ್ಲೈತೆ ಮೇಷ್ಟ್ರೇ? ತಿಥಿ ಮಾಡಿದ್ರೆ ಪಾಪ ಅಂತೀರಲ್ಲ, ಕಾಸು ತುಂಬ್ದೋರು ಯಾರು? ಬ್ಯಾಡ ಅಂತ ಬಡ್ಕಂಡ್ನಲ್ಲ ನಾನು!"

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಂಸ್ಥೆಯ ಮೇಲೆ ಉರಿಯುತ್ತಿದ್ದ ಕೋಪದ ಅರ್ಧಪಾಲು ನನ್ನ ಮೇಲೆಯೇ ಎಂದು ಆಗ ತಿಳಿಯಿತು. ಚಾಲಕರು ಮುಂದುವರಿಸಿದರು: ಬೆಂಗಳೂರಿನಲ್ಲಿ ಒಬ್ಬ ಕಾಫಿ ಹೋಟೆಲಿನವನು ಬೈಕನ್ನು ಕೇಳಿದ್ದಾನೆ, ಓಡಿಸಲಿಕ್ಕಲ್ಲ, ಗೋಡೆಗೆ ನೇತುಹಾಕಲಿಕ್ಕೆ. "ಕಾರ್ತೀಕದ ಉಣ್ಣಿಮೆ ಗಂಟ ನೋಡ್ತೀನಿ. ಆಮ್ಯಾಕೆ ಕಳುಸ್ಬುಡ್ತೀನಿ. ಕಣ್ಮುಂದೆ ನಿಂತಿದ್ರೆ ನಂಗೆ ಅನ್ನ ಸೇರಾಕಿಲ್ಲ."

ಅಂದಿನಿಂದ ನನಗೆ ಅದೊಂದೇ ಜಪ. ಆ ಬೈಕಿನ ಒಡೆಯರದೊಂದು ಫೋನ್ ಗುಂಪಿಗೆ ಮೆಕ್ಯಾನಿಕ್ ನನ್ನನ್ನು ಸೇರಿಸಿದ. ಅಲ್ಲಿ ಬರೀ ಬೆಂಕಿ. ಒಬ್ಬ ಸಂಸ್ಥೆಯ ಹೆಸರಿದ್ದ ಜಾಕೆಟ್ಟನ್ನು ಸುಟ್ಟು ಚಿತ್ರ ಹಾಕಿದ್ದ. ಇನ್ನೊಬ್ಬ ಹೆಸರಿನ ಫಲಕವನ್ನು ಉಳಿಯಿಂದ ಕಿತ್ತಿದ್ದ. ಮತ್ತೊಬ್ಬ ಐದು ಹೊಸ ಬೆಲ್ಟುಗಳನ್ನು ಉತ್ಸವಮೂರ್ತಿಗಳಂತೆ ಗೋಡೆಗೆ ಸಾಲಾಗಿ ತೂಗುಹಾಕಿ ಮೆರೆದಿದ್ದ. ಅವನಿಗೆ ವಿನಯದಿಂದ ಬರೆದೆ; ಒಂದನ್ನೂ ಕೊಡುವುದಿಲ್ಲವೆಂದ. ಅಮೆರಿಕದವರು ಸಾಗರದಾಚೆ ಕುಳಿತು ಮಾಡಿದ್ದನ್ನೇ ಈತ ತನ್ನ ಗೋಡೆಯ ಮುಂದೆ ನಿಂತು ಮಾಡುತ್ತಿದ್ದ. ಸುಡುವವರಿಗೂ ಕೂಡಿಡುವವರಿಗೂ ಒಂದು ಸಾಲು ಬೈದು ಬರೆಯೋಣವೆಂದು ಕುಳಿತವನು, ಒಂದೇ ಬೆರಳಿನಲ್ಲಿ ಒತ್ತುತ್ತ ಒತ್ತುತ್ತ ನನ್ನ ತಪ್ಪನ್ನೇ ಬರೆದುಬಿಟ್ಟೆ. ಬೂದುಗುಂಬಳ, ನಾಣ್ಯ, ಬೇಡವೆಂದ ಗೆಳೆಯ, ನಡುಗುವ ಬೆರಳು, ಬರಲಿರುವ ಹುಣ್ಣಿಮೆ.

ಮೂರನೆಯ ದಿನ ಗುಂಪಿನವರೊಬ್ಬರ ಫೋನು ಬಂತು. ಗಡಿಯಾಚೆ, ತಮಿಳುನಾಡಿನ ಅಂತಿಯೂರಿನ ಕಡೆಯ ದನಿ, ತಮಿಳು ಬೆರೆತ ಕನ್ನಡ. "ಐಯಾ, ಕಾಸು ಹಾಕಿದ್ದು ನೀವೇ ಅಂತ ಬರೆದಿದ್ದೀರ. ನಿಜಮಾ?"

"ನಿಜ."

"ಸರಿ. ಎಲ್ಲಾರೂ ಕಂಪೆನಿನ ಬೈತಾರೆ. ತಪ್ಪು ನಂದೂ ಇದೆ ಅಂತ ಬರೆದೋರು ನೀವೊಬ್ರೇ. ಬುಧವಾರ ರಾಮಾಪುರ ಬಸ್ ಸ್ಟಾಪಲ್ಲಿ ಇರಿ. ವಂಡಿ, ಆ ಗಾಡಿನೂ ತನ್ನಿ."

ಬುಧವಾರ ಬೈಕನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ರಾಮಾಪುರಕ್ಕೆ ಹೋದೆವು. ಗಡಿಯ ಗರಿಕೆಕಂಡಿಯ ದಾರಿಯಿಂದ ಬಂದ ಬಸ್ಸಿನಿಂದ ಐವತ್ತರ ಆಸುಪಾಸಿನ ಒಬ್ಬರು ಇಳಿದರು. ಕೈಯಲ್ಲಿ ಚೀಲವಿಲ್ಲ. ಕಪ್ಪು ಬೆಲ್ಟೊಂದನ್ನು ಅದರ ದುಂಡು ಕೆಡದಂತೆ ಎರಡು ಕೈಗಳಲ್ಲಿ ಎದೆಯ ಮುಂದೆ ಹಿಡಿದಿದ್ದರು. ಒಮ್ಮೆ ಮಡಿಸಿದರೆ ಅದರ ಒಳಗಿನ ಎಳೆಗಳು ಮುರಿಯುತ್ತವಂತೆ.

"ಕಂಡಕ್ಟರು ಮಡಿಚಿ ಸೀಟಿನ ಕೆಳಗೆ ಇಡು ಅಂದ," ಎಂದರು. "ನಿನ್ ಬೆನ್ನೆಲುಬು ಮಡಿಚಿ ಇಡಲಾ ಅಂತ ಕೇಳಿದೆ."

ಮೆಕ್ಯಾನಿಕ್ ಬೆಲ್ಟನ್ನು ಇಂಚಿಂಚಾಗಿ ಬೆರಳಾಡಿಸಿ ನೋಡಿ ತಲೆದೂಗಿದ. ಚಾಲಕರು ಮಾತ್ರ ಮುಟ್ಟಲಿಲ್ಲ. "ಇದು ನಿಮ್ ಗಾಡೀದು. ನಿಮ್ ಗಾಡಿಗೆ?"

"ನನ್ನದು ಇಂಜಿನ್ ಒಡೆದು ಎರಡು ವರ್ಷ. ಪಾರ್ಟ್ಸ್ ಬರುತ್ತೆ, ಬರುತ್ತೆ ಅಂತ ದಿನಾ ಒರೆಸಿ ಒರೆಸಿ ಇಟ್ಟೆ. ಈಗ ಮೂಡಿಟ್ಟಾಂಗ, ಮುಚ್ಚಿಬಿಟ್ಟರು. ಇನ್ನು ಯಾರಿಗೆ ಕಾಯೋದು?" ಬೆಲ್ಟಿನ ಕಡೆ ಕೈತೋರಿದರು. "ನಾನೇ ಬಿಚ್ಚಿದೆ. ಬೇರೆಯವರ ಕೈ ಹಾಕಿಸಲಿಲ್ಲ."

ನನ್ನ ಕೋಪ ಅದರ ತುದಿ ಮುಟ್ಟಿದ್ದು ಆಗ. ನಮಗೆ ದೊರೆತದ್ದು ಬರೀ ಬೆಲ್ಟಲ್ಲ, ಇನ್ನೊಬ್ಬರ ಎರಡು ವರ್ಷದ ನಂಬಿಕೆ. ಒಂದು ಬೈಕು ಬದುಕಬೇಕಾದರೆ ಅದರ ಒಡಹುಟ್ಟಿದ್ದನ್ನು ಕೊಯ್ಯಬೇಕೆಂಬ ಸ್ಥಿತಿಗೆ ನಮ್ಮಂಥವರನ್ನು ತಂದವರು, ಆ ಹೊತ್ತಿನಲ್ಲಿ ಯಾವುದೋ ತಣ್ಣನೆಯ ಕೋಣೆಯಲ್ಲಿ ಬೇರೊಂದು ಪ್ರಕಟಣೆಯನ್ನು ತಿದ್ದುತ್ತಿದ್ದಿರಬೇಕು. ಅವರಿಗೆ ಈ ಬಸ್ ಸ್ಟಾಪು ಕಾಣುವುದಿಲ್ಲ. ಕಾಣದಿರುವುದೇ ಅವರ ಅಪರಾಧ.

ಅಲ್ಲೇ ಹುಣಿಸೆಮರದ ನೆರಳಲ್ಲಿ ಹಿಂದಿನ ಚಕ್ರ ಬಿಚ್ಚಿದರು. ಠಾಣೆಯ ಪೇದೆಯೊಬ್ಬ ಬಂದು ರಸ್ತೆಯಲ್ಲಿ ಗ್ಯಾರೇಜು ತೆರೆದಿದ್ದೀರಾ ಎಂದು ಗದರಿದ. "ಒಸಿ ವೊತ್ತು ಸಾ," ಎಂದ ಮೆಕ್ಯಾನಿಕ್, ತಲೆಯೆತ್ತದೆ. "ಅಮೆರಿಕದೋರೇ ಮುಚ್ಚವ್ರೆ, ನೀವೂ ಮುಚ್ಚುಸ್ಬ್ಯಾಡಿ." ಪೇದೆ ಕೊನೆಗೆ ತಾನೇ ಬೈಕನ್ನು ಒಂದು ಕಡೆ ಆನಿಸಿ ಹಿಡಿದ.

ಇಂಜಿನ್ ಗುಡುಗಿದಾಗ ಚಾಲಕರು ಹತ್ತಲಿಲ್ಲ. ಪಕ್ಕಕ್ಕೆ ಸರಿದು, ಬಂದವರಿಗೆ ದಾರಿ ಬಿಟ್ಟರು. "ಮೊದ್ಲು ನೀವು."

ಅವರು ಕೌದಳ್ಳಿಯ ಕಡೆಗೆ ಹೊರಟುಹೋದರು. ಸದ್ದು ಕರಗಿತು. ಬಹಳ ಹೊತ್ತಿನ ಮೇಲೆ ಮರಳಿ ಬಂದವರು ಹೆಲ್ಮೆಟ್ಟನ್ನು ಕೂಡಲೇ ತೆಗೆಯಲಿಲ್ಲ. ಅದರ ಒಳಗಿನಿಂದಲೇ, "ತಿರುವಲ್ಲಿ ನನ್ ವಂಡಿನೇ," ಎಂದರು.

ಆಮೇಲೆ ಚಾಲಕರು ಹತ್ತಿದರು. ಹಿಡಿಯ ಮೇಲೆ ಅವರ ಬೆರಳುಗಳು ನಡುಗುತ್ತಿದ್ದವು; ಗಾಡಿ ಹೊರಟ ಮೇಲೆ ಆ ನಡುಕ ನನಗೆ ಕಾಣಲಿಲ್ಲ. ಹಿಂದಿರುಗಿ ಬಂದು ಕೇಳಿದರು, "ಮುಂದಿನ್ ಆಯುಧಪೂಜೆಗೆ ಕುಂಬಳಕಾಯಿ ಮೇಷ್ಟ್ರೇ?"

"ಇನ್ನು ಅದು ಮಜ್ಜಿಗೆಹುಳಿಗೆ ಮಾತ್ರ," ಎಂದೆ. ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಚಾಲಕರು ಕಾಫಿ ಹೋಟೆಲಿನವನಿಗೆ ಅಲ್ಲಿಂದಲೇ ಫೋನು ಮಾಡಿ, ಗೋಡೆಗೆ ಬೇರೇನಾದರೂ ಹುಡುಕಿಕೊಳ್ಳಲು ಹೇಳಿದರು.

ನೆಲದ ಮೇಲೆ ಮಲಗಿ ದುಡಿದ ಕೈಗೆ ಕಸುವು ತಪ್ಪದಿರಲಿ. ಗೂಡಿನಲ್ಲಿ ಒಂದಿಷ್ಟು ಬಿಟ್ಟುಬರುವ ಬೆಟ್ಟದವನ ಪೋಡಿನಲ್ಲಿ ಜೇನು ಬತ್ತದಿರಲಿ. ಬೈಕು ಆನಿಸಿ ಹಿಡಿದ ಪೇದೆಗೆ ಒಳಿತಾಗಲಿ. ನಂಬಿಕೆಯನ್ನು ಬಿಚ್ಚಿ ಎದೆಗೆ ಹಿಡಿದು ತಂದವರ ಮನೆಯಲ್ಲಿ ನಿಂತ ಇಂಜಿನ್ನು ಒಂದಲ್ಲ ಒಂದು ದಿನ ನುಡಿಯಲಿ. ನನ್ನ ಗೆಳೆಯರ ಬೆರಳುಗಳಿಗೆ ಇನ್ನಷ್ಟು ತಿರುವುಗಳು ದೊರೆಯಲಿ. ಕೂಡಿಟ್ಟವನ ಗೋಡೆಯಿಂದ ಒಂದು ಬೆಲ್ಟಾದರೂ ಕೆಳಗಿಳಿಯಲಿ. ಬಾಗಿಲು ಎಳೆದುಕೊಂಡವರನ್ನು ಹರಸಲು ನಾಲಿಗೆ ಏಳದು, ಆದರೂ ಹರಸುತ್ತೇನೆ. ಅವರ ಗಾಡಿ ಎಂದಾದರೂ ಬಿಸಿಲಿನಲ್ಲಿ ಕೆಟ್ಟು ನಿಂತರೆ, ಬೆಲ್ಟು ಹಿಡಿದು ಬಸ್ಸಿನಿಂದ ಇಳಿದುಬರುವ ಒಬ್ಬರಾದರೂ ಅವರಿಗೂ ಇರಲಿ.